ಬುದ್ಧಿ ಚುರುಕು, ಟೆನ್ಶನ್ ಮಾಯ

ಆಫೀಸಿನಲ್ಲಿ ಒಮ್ಮೆ ನಮಗೆಲ್ಲ ಟೆನ್ಶನ್ ಕಮ್ಮಿ ಮಾಡಿಕೊಳ್ಳುವುದು ಹೇಗೆ ಅಂತ ಒಂದು ಕ್ಲಾಸು ಇಟ್ಟಿದ್ದರು. ಇಂದಿರಾನಗರದ ಆಫೀಸು, ಎರಡು ಸಾವಿರದ ಈಚಿನ ಮಾತು. ಕ್ಲಾಸು ಅಂದರೆ ಮಧ್ಯಾಹ್ನದ ಕೆಲಸ ನಿಲ್ಲಿಸಿ ಕೂಡಿಸುವುದು, ಆಮೇಲೆ ಆ ಕೆಲಸವನ್ನು ಸಂಜೆ ಏಳರ ತನಕ ಮಾಡಿಸುವುದು. ಟೆನ್ಶನ್ ಬರದೆ ಇನ್ನೇನು ಬರುತ್ತೆ? ಟೈ ಕಟ್ಟಿಕೊಂಡು ಬಂದಿದ್ದ ಮೇಷ್ಟ್ರು ಎಲ್ಲರ ಮುಂದೆ ಒಂದೊಂದು ಜ್ಯೂಸ್ ಡಬ್ಬ ಇಡಿಸಿದರು. "ಕೆಲಸ ಶುರು ಮಾಡೋ ಮುಂಚೆ ಒಂದು ಗ್ಲಾಸ್ ಹಣ್ಣಿನ ಜ್ಯೂಸ್ ಕುಡೀರಿ. ಮೆದುಳು ಶಾರ್ಪ್ ಆಗುತ್ತೆ, ಮನಸ್ಸು ರಿಲ್ಯಾಕ್ಸ್ ಆಗುತ್ತೆ" ಅಂದರು.

ನನಗೆ ನಗು ತಡೆಯೋಕಾಗಲಿಲ್ಲ. ಜೋರಾಗಿ ನಕ್ಕುಬಿಟ್ಟೆ.

"ಏನ್ ಮೇಡಂ, ನಂಬಿಕೆ ಇಲ್ವಾ?" ಅಂದರು.

"ಪೂರ್ತಿ ನಂಬಿಕೆ ಇದೆ ಸಾರ್. ಬಾತ್ರೂಮ್ ಎಲ್ಲಿದೆ ಅಂತ ನೋಡ್ಕೊಂಡು ಕುಡೀಬೇಕು, ಅಷ್ಟೇ."

ಎಲ್ಲರೂ ತಮಾಷೆ ಅಂದುಕೊಂಡು ನಕ್ಕರು. ತಮಾಷೆಯಲ್ಲ ಸ್ವಾಮಿ. ಜ್ಯೂಸು, ಮೆದುಳು, ಟೆನ್ಶನ್ ಈ ಮೂರರ ಬಗ್ಗೆ ನನಗೆ ಪಾಠ ಹೇಳೋಕೆ ಬರಬೇಡಿ. ನಾನು ಜ್ಯೂಸ್ ಅಂಗಡಿಯವನ ಮಗಳು.

ಅಪ್ಪನ ಅಂಗಡಿ ಇದ್ದದ್ದು ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ. ಅಂಗಡಿ ಅಂದರೆ ದೊಡ್ಡದಾಗಿ ಏನೋ ಅಂದುಕೊಳ್ಳಬೇಡಿ. ಒಬ್ಬ ಮನುಷ್ಯ ನಿಂತರೆ ಇನ್ನೊಬ್ಬ ಹೊರಗೆ ಹೋಗಬೇಕು, ಅಷ್ಟು ಜಾಗ. ಕೈಯಲ್ಲಿ ತಿರುಗಿಸುವ ಮೋಸಂಬಿ ಮಿಷನ್ನು, ಒಂದು ಮಿಕ್ಸಿ, ಐಸ್ ಡಬ್ಬ. ಪಕ್ಕದಲ್ಲಿ ಬಳೆ ಅಂಗಡಿ ಸಾಹೇಬರು. ಅಂಗಡಿ ಶುರು ಮಾಡಿದಾಗ ಅಪ್ಪ ಬೋರ್ಡು ಬರೆಸಿದ. 'ತಾಜಾ ಹಣ್ಣಿನ ರಸ' ಅಂತ ಬರೆದ ಮೇಲೂ ಕೆಳಗಡೆ ಅರ್ಧ ಬೋರ್ಡು ಖಾಲಿ ಉಳಿಯಿತು. "ಖಾಲಿ ಬಿಟ್ರೆ ಚೆನ್ನಾಗಿರಲ್ಲ, ಏನಾದ್ರೂ ಹೇಳು ಗುರು" ಅಂದನಂತೆ ಬೋರ್ಡು ಬರೆಯುವವನು. ಅಪ್ಪ ತಲೆ ಕೆರೆದುಕೊಂಡ. ಆ ಕಡೆ ಈ ಕಡೆ ನೋಡಿದ. ಆಗ ತಾನೆ ಕಾಲೇಜು ಹುಡುಗರು ಇಬ್ಬರು ಪರೀಕ್ಷೆ, ಟೆನ್ಶನ್ನು ಅಂತ ಗೊಣಗಿಕೊಂಡು ಹೋದರಂತೆ. "ಬುದ್ಧಿ ಚುರುಕು, ಟೆನ್ಶನ್ ಮಾಯ ಅಂತ ಹಾಕು" ಅಂದ. ಹಾಕಿದ. ಕ್ಯಾಂಟೋನ್ಮೆಂಟ್ ಅಲ್ವಾ, ಒಂದು ಭಾಷೆ ಸಾಲುವುದಿಲ್ಲ. ಅದನ್ನೇ ತಮಿಳಿನಲ್ಲಿ ಬರೆಸಿದ. ಉರ್ದುವಿನಲ್ಲಿ ಸಾಹೇಬರು ಬರೆದುಕೊಟ್ಟರು. ಒಂದು ಸುಳ್ಳು ಮೂರು ಭಾಷೆಯಲ್ಲಿ ಗಲ್ಲಿಯ ಮೇಲೆ ನೇತಾಡಿತು.

ಆಶ್ಚರ್ಯ ಅಂದರೆ ಜನ ನಂಬಿದರು! ಪರೀಕ್ಷೆ ಬಂತು ಅಂದರೆ ಹುಡುಗರ ದಂಡು. "ಅಂಕಲ್, ಲೆಕ್ಕಕ್ಕೆ ಯಾವುದು ಒಳ್ಳೇದು?" ಅಂತ ಕೇಳುವರು. ಅಪ್ಪ ಮುಖದಲ್ಲಿ ಒಂದು ಗೆರೆ ಆಡದ ಹಾಗೆ, "ಲೆಕ್ಕಕ್ಕೆ ಮೋಸಂಬಿ, ಹಿಸ್ಟರಿಗೆ ದ್ರಾಕ್ಷಿ" ಅನ್ನುವನು. ಯಾವ ಹಣ್ಣು ಬಾಡುವುದಕ್ಕೆ ಬಂದಿದೆಯೋ ಆ ಸಬ್ಜೆಕ್ಟು ಅವತ್ತು ಕಷ್ಟ. ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದ. "ಜನಕ್ಕೆ ಹುಚ್ಚು ಕಣೇ" ಅನ್ನುತ್ತಿದ್ದ.

ಮರ್ಫಿ ಟೌನಿನ ನಮ್ಮ ಮನೆಯಲ್ಲಿ ಮಾತ್ರ ಯಾರೂ ಜ್ಯೂಸ್ ಕುಡಿದವರಲ್ಲ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದು, ಒಂದು ಪಕ್ಕ ಮೆತ್ತಗಾದ ಹಣ್ಣು ಮನೆಗೆ ಬರುತ್ತಿತ್ತು. ಅಮ್ಮ ಕೊಳೆತ ಕಡೆ ಕತ್ತರಿಸಿ ಬಿಸಾಕಿ, ಮಿಕ್ಕಿದ್ದಕ್ಕೆ ಉಪ್ಪು ಖಾರ ಹಾಕಿ ಕೊಡುವಳು. ದುಂಡಗಿನ ಸೇಬು ಹೇಗಿರುತ್ತೆ ಅಂತ ನಾನು ಬೇರೆಯವರ ಮನೆಯಲ್ಲಿ ನೋಡಿದ್ದು.

ಇನ್ನು ಅಮ್ಮನ ವಿಷಯ. ಹಲಸೂರಿನ ಒಂದು ಸ್ಕೂಲಿನಲ್ಲಿ ಆಯಾ ಆಗಿದ್ದಳು. ಗುಡಿಸುವುದು, ಒರೆಸುವುದು, ಬೆಲ್ಲು ಹೊಡೆಯುವುದು, ಯಾವ ಮಗು ಕ್ಲಾಸಿನಲ್ಲಿ ವಾಂತಿ ಮಾಡಿದರೂ ಬಕೆಟ್ಟು ಹಿಡಿದು ಓಡುವುದು. ದಿನವಿಡೀ ನಿಂತೇ ಇರಬೇಕು. ಆಯಾಗಳಿಗೆ ಕುರ್ಚಿ ಇರಲಿಲ್ಲ. ಟೀಚರುಗಳ ಬಾತ್ರೂಮು ತೊಳೆಯುವವಳು ಅಮ್ಮ. ತೊಳೆದು ಬೀಗ ಹಾಕಿ, ಕೀಲಿ ತಂದು ಆಫೀಸಿನ ಮೇಜಿನ ಮೇಲೆ ಇಡಬೇಕು. ಅದು ಟೀಚರುಗಳಿಗೆ. ಅಮ್ಮನಿಗೆ ಅರ್ಜೆಂಟ್ ಆದರೆ ಸಂಜೆ ಮನೆಗೆ ಬಂದು ಹೋಗಬೇಕು. ಇದನ್ನು ಅಮ್ಮ ಯಾವತ್ತೂ ದೂರಿನ ಹಾಗೆ ಹೇಳಿದವಳಲ್ಲ. ಅವಳು ಮಧ್ಯಾಹ್ನ ನೀರೇ ಕುಡಿಯುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತಾದದ್ದೂ ಬಹಳ ತಡವಾಗಿ. ಗೊತ್ತಾದಾಗ ಮೈ ಉರಿದುಹೋಯಿತು.

ಹೆಡ್ ಮಿಸ್ ಒಳ್ಳೆಯವರು. ಒಂದು ದಿನ ಅಮ್ಮನನ್ನು ಕರೆದು ಹೇಳಿದರು, "ನೋಡಮ್ಮಾ, ಆಫೀಸ್ ಅಟೆಂಡರ್ ಕೆಲಸ ಖಾಲಿ ಆಗ್ತಿದೆ. ಮೇಜು, ಕುರ್ಚಿ, ಫೈಲು ನೋಡ್ಕೊಳ್ಳೋದು. ನಿನಗೇ ಕೊಡಿಸ್ತೀನಿ. ಆದ್ರೆ ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು. ನಾನು ಈ ಬೇಸಿಗೆಗೆ ರಿಟೈರ್ ಆಗ್ತೀನಿ. ಆಮೇಲೆ ಬರೋರು ನಿನಗೋಸ್ಕರ ಕಾಯಲ್ಲ."

ಅಮ್ಮ ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಆಗಲೇ ಮಿಕ್ಕೆಲ್ಲ ಪಾಸು ಮಾಡಿಕೊಂಡಿದ್ದಳು. ಲೆಕ್ಕ ಒಂದು ಉಳಿದಿತ್ತು. ಎರಡು ಸಲ ಬರೆದು ಎರಡು ಸಲವೂ ಡುಮ್ಕಿ. ಬರುತ್ತಿರಲಿಲ್ಲ ಅಂತ ಅಲ್ಲ. ಮನೆಯಲ್ಲಿ ಕೂಡಿಸಿದರೆ ಚಕಚಕ ಮಾಡುವಳು. ಹಾಲ್ ಒಳಗೆ ಹೋಗಿ ಪೇಪರು ಕೈಗೆ ಬಂತೋ, ಅಂಗೈ ಬೆವರುತ್ತೆ, ಬಾಯಿ ಒಣಗುತ್ತೆ, ತಲೆಯಲ್ಲಿ ಇದ್ದಬದ್ದದ್ದೆಲ್ಲ ಒರೆಸಿಕೊಂಡು ಹೋಗುತ್ತೆ. ಕಳೆದ ಸಲ ಮೂರು ಗಂಟೆ ಕೂತು ತನ್ನ ರಿಜಿಸ್ಟರ್ ನಂಬರು ಮಾತ್ರ ಬರೆದು ಎದ್ದು ಬಂದಿದ್ದಳು. ಇದು ಕೊನೆಯ ಅವಕಾಶ. ಇದೂ ಹೋದರೆ ಮೊಣಕಾಲು ನೋವು ಇಟ್ಟುಕೊಂಡು ಇನ್ನೂ ಎಷ್ಟು ವರ್ಷ ಮೆಟ್ಟಿಲು ಒರೆಸಬೇಕೋ.

ನಾನು ಆಗ ಪಿಯುಸಿ, ಕಾಮರ್ಸು. ಅಮ್ಮನಿಗೆ ಲೆಕ್ಕ ಹೇಳಿಕೊಡುವ ಜವಾಬ್ದಾರಿ ನನ್ನ ತಲೆಗೆ ಬಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಈಗಲೂ ಇದೆ, ಬಿಡಿ.

"ಎಷ್ಟ್ ಸಲ ಹೇಳ್ಬೇಕಮ್ಮಾ? ಈ ಕಡೆ ಬಂದ್ರೆ ಪ್ಲಸ್ ಮೈನಸ್ ಆಗುತ್ತೆ!"

"ಯಾಕಾಗ್ಬೇಕು? ಅದ್ರ ಪಾಡಿಗೆ ಅದು ಇದ್ರೆ ಯಾರಿಗೇನು ತೊಂದ್ರೆ?"

"ಆಗುತ್ತೆ ಅಂದ್ರೆ ಆಗುತ್ತೆ."

"ಕೂಗಾಡ್ಬೇಡ ಕಣೇ. ನಿನಗೆ ಒಂದು ಎರಡು ಹೇಳ್ಕೊಟ್ಟಿದ್ದೇ ನಾನು. ಆಗ ನಾನು ಹಿಂಗೆ ಬಾಯಿ ಮಾಡಿದ್ನಾ?"

ಮಾಡಿದ್ದಳು. ಸೌಟಿನಲ್ಲಿ ಬಾರಿಸಿಯೂ ಇದ್ದಳು. ಆದರೆ ಅದನ್ನು ನೆನಪಿಸುವ ಹೊತ್ತು ಅದಲ್ಲ.

ಅಪ್ಪ ಇದನ್ನೆಲ್ಲ ಗೋಡೆಗೆ ಒರಗಿ ನೋಡುತ್ತಿದ್ದ. ಓದು ಅಂತಿಲ್ಲ, ಬೇಡ ಅಂತಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಏನು ಹೇಳಿಯಾನು? ಹಾಗಂತ ನಾನು ಅಂದುಕೊಂಡಿದ್ದೆ.

ಪರೀಕ್ಷೆ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ಅಪ್ಪ ಚೀಲದಿಂದ ಒಂದು ದಾಳಿಂಬೆ ತೆಗೆದ. ದುಂಡಗೆ, ಕೆಂಪಗೆ, ಒಂದು ಕಲೆ ಇಲ್ಲ. ಬಿಡಿಸಿ, ಹಿಂಡಿ, ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಲೋಟದಲ್ಲಿ ಅಮ್ಮನ ಮುಂದೆ ಇಟ್ಟ. ಅಮ್ಮ ಲೋಟ ಎತ್ತಿ ಮೂಸಿ ನೋಡಿದಳು.

"ಏನ್ರೀ, ಕೆಟ್ಟೋಗಿದ್ಯಾ?"

"ಚೆನ್ನಾಗೇ ಇದೆ. ಕುಡಿ."

"ಮತ್ಯಾಕೆ ಮನೆಗೆ ತಂದ್ರಿ?"

"ಬುದ್ಧಿಗೆ ಒಳ್ಳೇದು" ಅಂದ ಅಪ್ಪ, ನೆಲ ನೋಡಿಕೊಂಡು.

ನಾನು ಬಿದ್ದುಬಿದ್ದು ನಕ್ಕೆ. "ಅಪ್ಪಾ! ಆ ಬೋರ್ಡು ನೀನೇ ಅಲ್ವಾ ಬರೆಸಿದ್ದು? ಜಾಗ ಖಾಲಿ ಇತ್ತು ಅಂತ?"

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ವರ್ಷದಿಂದ ಹುಡುಗ್ರು ಬಂದು ಕುಡೀತಾರೆ. ಎಲ್ರೂ ದಡ್ರಾ? ಪಾಸಾದೆ ಅಂಕಲ್ ಅಂತ ಬಂದು ಹೇಳಿದೋರು ಎಷ್ಟೋ ಜನ ಇದಾರೆ."

"ಫೇಲ್ ಆದೋರು ಬಂದು ಹೇಳಲ್ಲಪ್ಪಾ."

"ನೀನು ಬಾಯಿ ಮುಚ್ಕೊಂಡು ಪ್ಲಸ್ ಮೈನಸ್ ಹೇಳ್ಕೊಡು."

ಅವತ್ತಿನಿಂದ ಬೆಳಿಗ್ಗೆ ದಾಳಿಂಬೆ, ಸಂಜೆ ಮೋಸಂಬಿ. ಅಂಗಡಿಯ ಒಳ್ಳೊಳ್ಳೆಯ ಹಣ್ಣು ಮನೆಗೆ ಬರತೊಡಗಿತು. ತನ್ನ ಸುಳ್ಳನ್ನು ತಾನೇ ನಂಬಿದ ಮನುಷ್ಯನನ್ನು ನಾನು ಅದೇ ಮೊದಲ ಸಲ ಹತ್ತಿರದಿಂದ ನೋಡಿದ್ದು.

ಮರ್ಫಿ ಟೌನಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಒಬ್ಬರ ಮನೆ ಒಗ್ಗರಣೆಗೆ ಇನ್ನೊಬ್ಬರು ಸೀನುವಷ್ಟು ಹತ್ತಿರ ಮನೆಗಳು. ಆಯಾ ಅಕ್ಕ ಪರೀಕ್ಷೆಗೆ ಜ್ಯೂಸ್ ಕುಡಿಯುತ್ತಿದ್ದಾಳೆ ಅನ್ನುವುದು ಇಡೀ ಬೀದಿಗೆ ಹರಡಿತು. ಪ್ರತಿಯೊಬ್ಬರಿಗೂ ಒಂದೊಂದು ಮದ್ದು ಗೊತ್ತು. ಎದುರು ಮನೆ ಅಜ್ಜಿಗೆ ನೆಲ್ಲಿಕಾಯಿ, ಪಕ್ಕದ ಮನೆ ತಮಿಳಿನ ಅಕ್ಕನಿಗೆ ಕ್ಯಾರೆಟ್ಟು.

ಪರೀಕ್ಷೆಯ ದಿನ ಬಂತು. ಸುಡುಬಿಸಿಲಿನ ಕಾಲ. ಅಪ್ಪ ಅಂಗಡಿ ತೆಗೆಯಲಿಲ್ಲ. ಜ್ವರ ಬಂದಾಗಲೂ ತೆಗೆದವನು. ಅಮ್ಮ ದಾಳಿಂಬೆ ಮುಗಿಸಿ, ಗೋಡೆಯ ಮೇಲಿನ ಬುದ್ಧನ ಫೋಟೋಗೆ ಕೈ ಮುಗಿದು, ಹೊಸಿಲು ದಾಟಿದಳು. ಬೀದಿಯಲ್ಲಿ ಅಜ್ಜಿ ಲೋಟ ಹಿಡಿದು ನಿಂತಿದ್ದಳು.

ನಮ್ಮ ಕಡೆ ಒಂದು ಪದ್ಧತಿ. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಬಾಯಿ ಸಿಹಿ ಮಾಡಲು ಯಾರು ಏನು ಕೊಟ್ಟರೂ ಬೇಡ ಅನ್ನಬಾರದು. ಬೇಡ ಅಂದರೆ ಕೆಲಸವೂ ಬೇಡ ಅಂದಹಾಗಂತೆ. ಎಲ್ಲರ ಮನೆಯಲ್ಲೂ ಒಂದು ಚಮಚ ಮೊಸರು ಸಕ್ಕರೆಯಲ್ಲಿ ಮುಗಿಯುವ ಶಾಸ್ತ್ರ. ನಮ್ಮ ಬೀದಿಯಲ್ಲಿ ಲೋಟಕ್ಕೆ ಬಂದುಬಿಟ್ಟಿತ್ತು. ಅಮ್ಮ ನೆಲ್ಲಿಕಾಯಿ ಕುಡಿದಳು. ನಾಲ್ಕು ಹೆಜ್ಜೆ ಮುಂದೆ ಕ್ಯಾರೆಟ್ಟು. "ಕುಡಿಂಗಕ್ಕಾ, ಕುಡಿಂಗ" ಅಂತ ಆ ಅಕ್ಕ ಬಾಯಿಗೇ ಹಿಡಿದಳು. ತಿರುವಿನ ಮನೆಯವರು ಕಲ್ಲಂಗಡಿ ರಸ ಮಾಡಿ ತಾಮ್ರದ ಚೊಂಬಿನಲ್ಲಿ ತಂದಿದ್ದರು. ಚೊಂಬಿನಲ್ಲಿ! ಅದೂ ಹೋಯಿತು. ಆಟೋ ಹತ್ತುವ ಜಾಗದಲ್ಲಿ ಅಪ್ಪ ಚೀಲದಿಂದ ಬಾಟಲಿ ತೆಗೆದು, "ಬಳೆ ಅಂಗಡಿ ಸಾಹೇಬ್ರು ಕಳ್ಸಿದಾರೆ, ಭಾಬಿಗೆ ಅಂತ, ನಿಂಬೆ ಶರಬತ್ತು" ಅಂದ.

ಅಮ್ಮ ಅದನ್ನೂ ಕುಡಿದು ನನ್ನ ಕೈ ಹಿಡಿದಳು. "ಒಂದ್ ಸಲ ಮನೆಗೆ ಹೋಗಿ ಬಂದ್ಬಿಡ್ತೀನಿ ಕಣೇ" ಅಂತ ಪಿಸುಗುಟ್ಟಿದಳು.

ಅಷ್ಟೇ. ಹಿಂದೆಯೇ ಬಂದಿದ್ದ ಅಜ್ಜಿಗೆ ಕಿವಿ ಕೇಳುವುದಿಲ್ಲ ಅನ್ನುತ್ತಾರೆ, ಇದು ಮಾತ್ರ ಕೇಳಿಸಿತು. "ಅಯ್ಯಯ್ಯೋ, ಹೊರಟಮೇಲೆ ತಿರುಗಿ ಬರಬಾರ್ದು!" ಅಂತ ಕೂಗಿದಳು. ಬೀದಿಗೆ ಬೀದಿಯೇ ಕೂಗಿತು. ಅಪ್ಪ ಎರಡೂ ಕೈ ಅಗಲಿಸಿ ಅಡ್ಡ ನಿಂತ. ನಮ್ಮ ಬೀದಿಯ ಸಂಘದ ಮೀಟಿಂಗಿನಲ್ಲಿ ಶಕುನ, ರಾಹುಕಾಲ ಎಲ್ಲ ಮೂಢನಂಬಿಕೆ ಅಂತ ಮೈಕು ಹಿಡಿದು ಭಾಷಣ ಮಾಡುವ ಅಪ್ಪ!

"ಅಪ್ಪಾ, ನೀನು ಇದನ್ನೆಲ್ಲ ನಂಬಲ್ಲ ಅಂತೀಯಲ್ಲ?"

"ನಾನು ನಂಬಲ್ಲ. ಲೆಕ್ಕದ ಪೇಪರು ನಂಬಿದ್ರೆ?"

ಮೂವರೂ ಆಟೋ ಹತ್ತಿದೆವು.

ಸೆಂಟರು ಇಂದಿರಾನಗರದ ಒಂದು ಸ್ಕೂಲು. ಹಲಸೂರು ದಾಟುವಷ್ಟರಲ್ಲಿ ಟ್ರಾಫಿಕ್ಕು ಕಚ್ಚಿಕೊಂಡಿತು. ಆಟೋ ಪ್ರತಿ ಗುಂಡಿಗೆ ಎಗರಿದಾಗಲೂ ಅಮ್ಮ ಕಣ್ಣು ಮುಚ್ಚಿ ಏನೋ ಅಂದುಕೊಳ್ಳುತ್ತಿದ್ದಳು. ಸೂತ್ರ ನೆನಪು ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಇಳಿಯುವ ಹೊತ್ತಿಗೆ ಮೊದಲನೇ ಬೆಲ್ಲು ಹೊಡೆದೇ ಬಿಟ್ಟಿತ್ತು. ಅಮ್ಮ ಗೇಟಿನ ಪಕ್ಕದ ಬಾತ್ರೂಮಿನ ಕಡೆ ಓಡಿದಳು. ಬೀಗ! "ಎಕ್ಸಾಮ್ ಮುಗಿಯೋವರ್ಗೂ ತೆಗೆಯಲ್ಲಮ್ಮಾ, ಒಳಗೆ ಚೀಟಿ ಬಚ್ಚಿಡ್ತಾರೆ" ಅಂದ ವಾಚ್‌ಮನ್.

ಅಮ್ಮ ತಿರುಗಿದರೆ ಎದುರಿಗೆ ಅಪ್ಪ, ಫ್ಲಾಸ್ಕಿನಿಂದ ಬಗ್ಗಿಸಿದ ಮೋಸಂಬಿ ಲೋಟ ಹಿಡಿದುಕೊಂಡು. "ಲೆಕ್ಕಕ್ಕೆ ಇದೇ" ಅಂದ. ಜ್ಯೂಸು ಅವನ ಬೆರಳ ಮೇಲೆ ಚೆಲ್ಲುತ್ತಿತ್ತು. ದಿನಕ್ಕೆ ಅಷ್ಟೊಂದು ಲೋಟ ತುಂಬಿಸಿ ಕೊಡುವ ಕೈ ಅದು, ಯಾವತ್ತೂ ಒಂದು ಹನಿ ಚೆಲ್ಲಿದ್ದಿಲ್ಲ. ಅಮ್ಮ ಆ ಕೈ ನೋಡಿದಳು. ಗಟಗಟ ಕುಡಿದು ಒಳಗೆ ಹೋದಳು.

ಅಪ್ಪ, ನಾನು ರಸ್ತೆ ಬದಿಯ ಮರದ ಕೆಳಗೆ ಕೂತೆವು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಅಪ್ಪ ಕೇಳಿದ, "ಆ ಬೋರ್ಡಿನ ಮಾತು... ಸ್ವಲ್ಪನಾದ್ರೂ ನಿಜ ಇರಬೋದು ಅಲ್ವಾ?"

ನನ್ನ ನಾಲಿಗೆ ಎಷ್ಟು ಉದ್ದ ಅಂತ ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು. ಆದರೂ ಅವತ್ತು ಅವನ ಮುಖ ನೋಡಿ, "ಇರ್ಬೋದಪ್ಪಾ" ಅಂದೆ. ನನಗೂ ಭಯವಾಗಿತ್ತು.

ಪರೀಕ್ಷೆ ಮುಗಿಯುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ಅಷ್ಟರಲ್ಲಿ ಗೇಟು ತೆರೆಯಿತು. ಅಮ್ಮ ಬಂದಳು. ನಡೆದುಕೊಂಡಲ್ಲ. ಸೀರೆ ನೆರಿಗೆ ಎತ್ತಿ ಹಿಡಿದು, ಮೊಣಕಾಲು ನೋವಿನ ಹೆಂಗಸು, ಬಸ್ಸಿನ ಹಿಂದೆ ಓಡುವವರ ಹಾಗೆ ಓಡಿ ಬಂದಳು. ನಮ್ಮ ಕಡೆ ನೋಡಲೂ ಇಲ್ಲ. ರಸ್ತೆ ದಾಟಿ ಎದುರಿನ ಹೋಟೆಲಿಗೆ ನುಗ್ಗಿಬಿಟ್ಟಳು.

ಅಪ್ಪ ತಲೆ ಮೇಲೆ ಕೈ ಹೊತ್ತುಕೊಂಡ. "ಮುಗೀತು. ಈ ಸಲಾನೂ ಏನೂ ತೋಚಿಲ್ಲ, ಎದ್ದು ಬಂದ್ಬಿಟ್ಲು. ನಮ್ಮ ಮುಖ ನೋಡೋಕೂ ಆಗ್ತಿಲ್ಲ ಅವಳಿಗೆ. ಸುಳ್ಳು ಬರೆಸಿ ಊರಿಗೆಲ್ಲ ಕುಡಿಸಿದೆ, ಸಾಲ್ದು ಅಂತ ನನ್ನ ಹೆಂಡ್ತಿಗೂ ಕುಡಿಸ್ದೆ." ಅಪ್ಪ ಅಳುತ್ತಿದ್ದ. ನಾನು ಅವನು ಅತ್ತದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಮ್ಮ ಹೋಟೆಲಿನಿಂದ ಹೊರಗೆ ಬಂದಳು. ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಆರಾಮಾಗಿ ರಸ್ತೆ ದಾಟಿ ಬಂದಳು. ಅಪ್ಪನನ್ನು ನೋಡಿ ಗಾಬರಿಯಾದಳು. "ಯಾಕ್ರೀ ಅಳ್ತಿದೀರಾ? ಬರೆದೆ ಕಣ್ರೀ. ಎಲ್ಲಾ ಬರೆದೆ!"

ಅಪ್ಪ ಮೂಗು ಒರೆಸಿಕೊಂಡ. "ಜ್ಯೂಸು?"

"ಹ್ಞೂಂ. ಜ್ಯೂಸಿಂದಾನೇ" ಅಂದಳು ಅಮ್ಮ, ಒಂಚೂರೂ ನಗದೆ.

ಮನೆಗೆ ಬಂದು, ಅಪ್ಪ ಬೀದಿಗೆಲ್ಲ ಸುದ್ದಿ ಹೇಳಲು ಹೋದಾಗ, ಅಡುಗೆಮನೆಯಲ್ಲಿ ನನಗೆ ವಿಷಯ ಗೊತ್ತಾಯಿತು. ಹಾಲಿನಲ್ಲಿ ಕೂತ ಸ್ವಲ್ಪ ಹೊತ್ತಿಗೇ ಅಮ್ಮ ತಡೆಯಲಾಗದೆ ಎದ್ದು, ಪರೀಕ್ಷೆ ಬರೆಸುತ್ತಿದ್ದ ಮೇಡಮ್ಮನ್ನು ಕೇಳಿದಳಂತೆ. "ಹೋಗೋದಾದ್ರೆ ಪೇಪರ್ ಕೊಟ್ಟು ಹೋಗಮ್ಮಾ, ಮತ್ತೆ ಒಳಗೆ ಬಿಡಲ್ಲ" ಅಂದರಂತೆ ಆಕೆ.

"ಬರೆದು ಕೊಟ್ಟೇ ಹೋಗ್ತೀನಿ ಅಂತ ಕೂತೆ ನೋಡೇ. ಎಡಗೈಲಿ ಬೆಂಚು ಗಟ್ಟಿಯಾಗಿ ಹಿಡ್ಕೊಂಡು ಬಲಗೈಲಿ ಬರೆದೆ. ಬೇರೆ ಸಲ ಪೇಪರ್ ನೋಡಿದ್ರೆ, ಫೇಲಾದ್ರೆ ಏನ್ ಗತಿ, ಹೆಡ್ ಮಿಸ್ ಏನಂತಾರೆ ಅಂತ ತಲೇಲಿ ನೂರೆಂಟು ಓಡೋದು. ಈ ಸಲ ಹೆದರ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು? ಒಂದೇ ಯೋಚ್ನೆ, ಬೇಗ ಮುಗಿಸ್ಬೇಕು. ಪ್ಲಸ್ಸು ಮೈನಸ್ಸು ಎಲ್ಲ ತಾವಾಗೇ ಬಂದ್ವು." ಆಮೇಲೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, "ನಿಮ್ಮಪ್ಪಂಗೆ ಹೇಳ್ಬೇಡ. ಜ್ಯೂಸಿಂದಾನೇ ಅಂದ್ಕೊಳ್ಳಲಿ" ಅಂದಳು.

"ಜ್ಯೂಸಿಂದಾನೇ ತಾನೆ ಅಮ್ಮಾ?" ಅಂದೆ.

ಅಮ್ಮ ನಗೋಕೆ ಶುರು ಮಾಡಿದಳು. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ಮತ್ತೆ ಬಾತ್ರೂಮಿಗೆ ಓಡಿದಳು.

ಪಾಸಾದಳು. ಭಾರಿ ಮಾರ್ಕ್ಸೇನಲ್ಲ, ದಡ ಸೇರುವಷ್ಟು. ಅಪ್ಪ ಬೋರ್ಡು ಬರೆಯುವವನನ್ನು ಕರೆಸಿ 'ಟೆನ್ಶನ್ ಮಾಯ' ಪಕ್ಕದಲ್ಲಿ 'ಗ್ಯಾರಂಟಿ' ಅಂತ ಸೇರಿಸಿದ, ಮೂರು ಭಾಷೆಯಲ್ಲೂ. ಆಮೇಲಿಂದ ಹುಡುಗರು ಬಂದರೆ ಹಣ್ಣು ಬಾಡಿದೆಯಾ ಅಂತ ನೋಡುತ್ತಿರಲಿಲ್ಲ. ಒಳ್ಳೆಯದನ್ನೇ ಆರಿಸಿ ಹಿಂಡಿ ಕೊಡುತ್ತಿದ್ದ. "ನಮ್ಮನೆಯವಳು ಇದನ್ನೇ ಕುಡಿದು ಪಾಸಾದ್ಲು" ಅನ್ನುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಜನಕ್ಕೆ ಹುಚ್ಚು ಅಂತ ನಗುವುದನ್ನೂ ಬಿಟ್ಟ.

ಹೆಡ್ ಮಿಸ್ ರಿಟೈರ್ ಆಗುವ ಮುಂಚೆ ಮಾತು ಉಳಿಸಿಕೊಂಡರು. ರಜೆ ಮುಗಿದು ಸ್ಕೂಲು ತೆಗೆದ ದಿನ ಅಮ್ಮ ಆಫೀಸ್ ರೂಮಿಗೆ ಹೋದಳು. ಮಧ್ಯಾಹ್ನ ಅಪ್ಪ ಅಂಗಡಿಯನ್ನು ನೋಡಿಕೊಳ್ಳಲು ಸಾಹೇಬರಿಗೆ ಹೇಳಿ, ನನ್ನನ್ನೂ ಕರೆದುಕೊಂಡು ಹಲಸೂರಿಗೆ ಬಂದ. ಕೈಯಲ್ಲಿ ತಟ್ಟೆ ಮುಚ್ಚಿದ ಸ್ಟೀಲ್ ಲೋಟ. ಅಮ್ಮ ಮೇಜಿನ ಹಿಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಯಾರೋ ಬಂದು ಎಬ್ಬಿಸುತ್ತಾರೆ ಅನ್ನುವವರ ಹಾಗೆ. ನಮ್ಮನ್ನು ನೋಡಿದ್ದೇ ಅಭ್ಯಾಸಬಲದಿಂದ ಎದ್ದು ನಿಂತಳು.

"ಎದ್ದೇಳ್ಬೇಡ" ಅಂದ ಅಪ್ಪ. "ಕೂತ್ಕೊಂಡು ಕುಡಿ."

ಅಮ್ಮ ಕೂತಳು, ಕುರ್ಚಿಗೆ ಪೂರ್ತಿ ಬೆನ್ನು ಕೊಟ್ಟು. ಮಧ್ಯಾಹ್ನದ ಹೊತ್ತು ಸ್ಕೂಲಿನಲ್ಲಿ ಅವಳು ಏನನ್ನಾದರೂ ಕುಡಿದದ್ದು ಅದೇ ಮೊದಲು. ಒಂದೊಂದೇ ಗುಟುಕು, ಕೊನೆಯ ಹನಿಯ ತನಕ ಕುಡಿದು ಲೋಟ ಕೆಳಗಿಟ್ಟಳು. ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಆಮೇಲೆ ಮೇಜಿನ ಮೇಲಿದ್ದ ಟೀಚರುಗಳ ಬಾತ್ರೂಮಿನ ಕೀಲಿ ತೆಗೆದುಕೊಂಡು ಎದ್ದು, ತಾನು ದಿನಾ ಒರೆಸುತ್ತಿದ್ದ ವರಾಂಡದಲ್ಲಿ ನಿಧಾನವಾಗಿ ನಡೆದುಕೊಂಡು ಹೋದಳು. ಅವತ್ತು ಓಡಲಿಲ್ಲ.